ತಾರುಣ್ಯದ ರಸ: ಬ್ರೌನ್-ಸೆಕಾರ್ ಪಂಡಿತರ ಪ್ರಯೋಗ

1889ನೆಯ ಇಸವಿ ಜೂನ್ 1ನೆಯ ತಾರೀಖು ಪ್ಯಾರಿಸ್ ನಗರದ ಜೀವಶಾಸ್ತ್ರ ಸಂಘದಲ್ಲಿ 72 ವರ್ಷದ ವೃದ್ಧ ಪಂಡಿತರೊಬ್ಬರು ಎದ್ದುನಿಂತು, ತಮಗೆ ಕಳೆದ ಬಲವು ಮರಳಿ ಬಂದ ಬಗೆಯನ್ನು ಸಭಿಕರಿಗೆ ಅರುಹಿದರು. ನಾಯಿಗಳ ಮತ್ತು ಗಿನಿಯಿಲಿಗಳ ವೃಷಣಗಳನ್ನು ಅರೆದು, ನೀರು ಬೆರಸಿ, ಸೋಸಿ ತೆಗೆದ ರಸವನ್ನು ಅವರು ತಮ್ಮ ಚರ್ಮದಡಿಯಲ್ಲಿ ಚುಚ್ಚಿಕೊಂಡಿದ್ದರು. ಯಯಾತಿಯು ಪುರುವಿನಿಂದ ಬೇಡಿ ಪಡೆದುದನ್ನು ಇವರು ಮೂಕಪ್ರಾಣಿಗಳಿಂದ ಪಡೆಯಹೊರಟರೆಂದು ನಮ್ಮವರು ನಗಬಹುದು. ಪ್ಯಾರಿಸಿನಲ್ಲಿಯೂ ನಕ್ಕವರು ಕಡಮೆಯಿರಲಿಲ್ಲ.

ಆದರೆ ಷಾರ್ಲ್ ಎದುವಾರ್ ಬ್ರೌನ್-ಸೆಕಾರರು ಸಂತೆಯ ಮದ್ದುಗಾರರಲ್ಲ. 1817ರಲ್ಲಿ ಮಾರಿಷಸ್ ದ್ವೀಪದಲ್ಲಿ ಹುಟ್ಟಿದ ಇವರು ಬೆನ್ನುಹುರಿಯ ನರಮಾರ್ಗಗಳನ್ನು ಶೋಧಿಸಿದವರು. ಮೂತ್ರಪಿಂಡಗಳ ಮೇಲಿನ ಪುಟ್ಟ ಗ್ರಂಥಿಗಳನ್ನು ತೆಗೆದರೆ ಪ್ರಾಣಿ ಬದುಕಲಾರದೆಂದು 1856ರಲ್ಲಿ ತೋರಿಸಿದವರು. ಕ್ಲೋದ್ ಬೆರ್ನಾರರ ತರುವಾಯ ಕೊಲೇಜ್ ದ ಫ್ರಾನ್ಸಿನಲ್ಲಿ ಅವರ ಪೀಠವನ್ನೇರಿದವರು. ಅರ್ಧ ಗಂಟೆ ನಿಂತರೆ ದಣಿಯುತ್ತಿದ್ದ ತಾವು ಈಗ ಗಂಟೆಗಟ್ಟಲೆ ನಿಂತು ಪ್ರಯೋಗ ನಡೆಸುವೆವೆಂದೂ, ಮೆಟ್ಟಿಲುಗಳನ್ನು ಓಡುತ್ತ ಏರುವೆವೆಂದೂ, ರಾತ್ರಿ ಊಟವಾದ ಮೇಲೂ ಕಠಿನ ವಿಷಯಗಳನ್ನು ಕುರಿತು ಬರೆಯಬಲ್ಲೆವೆಂದೂ ಅವರು ಹೇಳಿದರು. ತೋಳಿನ ಬಲವನ್ನು ಯಂತ್ರದಿಂದ ಅಳೆದು ಲೆಕ್ಕವನ್ನೂ ಒಪ್ಪಿಸಿದರು. ಇದು ಮನಸ್ಸಿನ ಭ್ರಮೆಯಾಗಿರಬಹುದೇ ಎಂಬ ಶಂಕೆಯನ್ನು ಮುಚ್ಚಿಡದೆ, ಬೇರೆ ವೃದ್ಧ ಶಾಸ್ತ್ರಜ್ಞರೂ ಪರೀಕ್ಷಿಸಿ ನೋಡಲೆಂದು ಕೇಳಿಕೊಂಡರು. ರಸವನ್ನು ವೈದ್ಯರಿಗೆ ಧರ್ಮಾರ್ಥವಾಗಿ ಹಂಚಿದರು. ಸಂಜೀವಿನಿಯೆಂದು ಹಣಕ್ಕೆ ಮಾರಿದವರು ಬೇರೆಯವರು.

ಆ ರಸದಲ್ಲಿ ಇದ್ದುದಾದರೂ ಏನು? ವೃಷಣವು ತನ್ನ ಸ್ರಾವವನ್ನು ಕೂಡಿಟ್ಟುಕೊಳ್ಳುವುದಿಲ್ಲ. ಆಗಿಂದಾಗ ರಕ್ತಕ್ಕೆ ಒಪ್ಪಿಸಿಬಿಡುವುದು. ಉಳಿದ ಅಲ್ಪವೂ ನೀರಿನಲ್ಲಿ ಸುಲಭವಾಗಿ ಕರಗುವಂಥದಲ್ಲ. 1935ರಲ್ಲಿ ಆಮ್‌ಸ್ಟರ್‌ಡಾಮಿನ ಎರ್ನ್ಸ್ಟ್ ಲಾಕರ್ ಮತ್ತು ಅವರ ಸಂಗಡಿಗರು ಟೆಸ್ಟೊಸ್ಟೆರೋನನ್ನು ಬೇರ್ಪಡಿಸಿದಾಗ, ಹೋರಿಗಳ ಸುಮಾರು 100 ಕಿಲೋಗ್ರಾಂ ವೃಷಣಗಳಿಂದ ದೊರೆತುದು ಸುಮಾರು 10 ಮಿಲಿಗ್ರಾಂ ಮಾತ್ರ! 2002ರಲ್ಲಿ ಆಸ್ಟ್ರೇಲಿಯದ ಸಂಶೋಧಕರು ಬ್ರೌನ್-ಸೆಕಾರರ ವಿಧಾನದಂತೆಯೇ ರಸ ತೆಗೆದು ಅಳೆದರು. ಅದರಲ್ಲಿದ್ದ ಹಾರ್ಮೋನು ಮನುಷ್ಯನ ಮೇಲೆ ಪರಿಣಾಮ ಮಾಡುವಷ್ಟಿರಲಿಲ್ಲ. ಆ ವೃದ್ಧರನ್ನು ಮೆಟ್ಟಿಲು ಹತ್ತಿಸಿದುದು ಅವರ ಆಸೆಯೇ ಎನ್ನಬೇಕಾಗುವುದು.

ಹಾಗೆಂದು ಗ್ರಂಥಿರಸದ ಚಿಕಿತ್ಸೆಯೇ ಹುಸಿಯಾಗಲಿಲ್ಲ. 1891ರಲ್ಲಿ ಇಂಗ್ಲೆಂಡಿನ ಜಾರ್ಜ್ ಮರ್ರೆ ಎಂಬ ವೈದ್ಯರು, ಥೈರಾಯ್ಡ್ ಗ್ರಂಥಿ ಸೊರಗಿ ಮೈಯೂದಿ ಜಡವಾಗಿದ್ದ 46 ವರ್ಷದ ಹೆಂಗಸಿಗೆ ಕುರಿಯ ಅದೇ ಗ್ರಂಥಿಯ ರಸವನ್ನು ಚುಚ್ಚಿದರು. ಆಕೆ ಚೇತರಿಸಿಕೊಂಡು, ಚಿಕಿತ್ಸೆಯ ಬಲದಿಂದ ಇನ್ನೂ 28 ವರ್ಷ ಬದುಕಿದಳು. ಇಲ್ಲಿ ಒಂದು ರೋಗದಿಂದ ಕುಂದಿದುದನ್ನು ತುಂಬಿದ್ದಾಯಿತು. ವಯಸ್ಸನ್ನು ಹಿಂದಕ್ಕೆ ತಳ್ಳಿದ್ದಲ್ಲ. ಈ ಭೇದವನ್ನು ಗಣಿಸದೆ 1920ರ ಸುಮಾರಿಗೆ ವೊರೊನೊಫ್ ಎಂಬಾತನು ಧನಿಕ ವೃದ್ಧರಿಗೆ ಕಪಿಗಳ ಗ್ರಂಥಿಯನ್ನು ಕಸಿಮಾಡಿ ಹೆಸರಾದನು, ಅದೂ ಫಲಿಸಲಿಲ್ಲ.

ಬ್ರೌನ್-ಸೆಕಾರರ ಹೊಸ ಬಲವಾದರೋ, ಚುಚ್ಚುವುದನ್ನು ನಿಲ್ಲಿಸಿದ ಕೆಲವು ವಾರಗಳಲ್ಲಿಯೇ ಇಳಿದುಹೋಯಿತು. ಅದನ್ನೂ ಅವರೇ ಬರೆದಿಟ್ಟಿರುವರು. 1894ರ ಏಪ್ರಿಲಿನಲ್ಲಿ, 77 ತುಂಬಲು ಕೆಲವೇ ದಿನಗಳಿರುವಾಗ, ಅವರು ಪ್ಯಾರಿಸಿನಲ್ಲಿ ತೀರಿಕೊಂಡರು.