ಮೂತಿಯಿಂದ ತುಂಬುವ ರೈಫಲ್: ಗುರಿ ತಪ್ಪುವುದೆಲ್ಲಿ?

1860ರಲ್ಲಿ ಲಂಡನ್ ಸಮೀಪದ ವಿಂಬಲ್ಡನ್‌ನಲ್ಲಿ ರಾಣಿ ವಿಕ್ಟೋರಿಯಾ ವಿಟ್‌ವರ್ತ್ ರೈಫಲಿನಿಂದ ಹಾರಿಸಿದ ಗುಂಡು 400 ಗಜ ದೂರದ ಗುರಿಯ ನಡುಬಿಂದುವಿನಿಂದ ಸುಮಾರು ಒಂದೂಕಾಲು ಅಂಗುಲ ಅಂತರದಲ್ಲಿ ನಾಟಿತ್ತು. ಬಂದೂಕನ್ನು ಮೊದಲೇ ಆಸರೆಗೆ ಬಿಗಿದು ಗುರಿ ಹೊಂದಿಸಲಾಗಿತ್ತೆಂಬುದು ಬೇರೆ ಮಾತು. ಆದರೂ ಮೂತಿಯಿಂದ ಮದ್ದು ತುಂಬುವ ರೈಫಲ್ ಎಷ್ಟು ನಿಖರವಾಗಬಲ್ಲದೆಂಬುದಕ್ಕೆ ಇದು ನಿದರ್ಶನ.

ಮಲೆನಾಡಿನ ಕೇಪಿನ ಕೋವಿಯೂ ಮೂತಿಯಿಂದಲೇ ತುಂಬುವಂಥದ್ದು. ಆದರೆ ಸಾಮಾನ್ಯವಾಗಿ ಅದರ ನಳಿಗೆಯ ಒಳಮೈ ನುಣುಪು. ರೈಫಲಿನ ನಳಿಗೆಯೊಳಗೆ ಸುರುಳಿ ಗೀರುಗಳಿದ್ದು, ಅವು ಗುಂಡನ್ನು ತಿರುಗಿಸಿ ಕಳುಹಿಸುತ್ತವೆ.

ಕಾರ್ಖಾನೆಯ ತೋಟಾಗಳಲ್ಲಿ ಮದ್ದಿನ ಪ್ರಮಾಣ ಏಕರೂಪವಾಗಿರುತ್ತದೆ. ಇಲ್ಲಿ ಪ್ರತಿ ಗುಂಡಿಗೂ ಆ ಹೊಣೆ ಗುರಿಕಾರನದೇ. ಕರಿಮದ್ದನ್ನು ಅಳತೆ ಕೊಳವೆಯಲ್ಲಿ ಪ್ರತಿಬಾರಿಯೂ ಒಂದೇ ಮಟ್ಟಕ್ಕೆ ತುಂಬಬೇಕು. ಗುಂಡಿಗೆ ಸುತ್ತುವ ಬಟ್ಟೆಯ ದಪ್ಪ, ಅದಕ್ಕೆ ಸವರುವ ಜಿಡ್ಡು ಬದಲಾಗಬಾರದು. ತಳ್ಳುಗೋಲಿನ ಒತ್ತಡವೂ ಹಾಗೆಯೇ. ಒಮ್ಮೆ ಜಜ್ಜಿ, ಇನ್ನೊಮ್ಮೆ ಹಗುರವಾಗಿ ಒತ್ತಿದರೆ ವೇಗ ವ್ಯತ್ಯಾಸವಾಗಿ ಗುಂಡು ಗುರಿಯ ಮೇಲೆಯೋ ಕೆಳಗೋ ಬೀಳುತ್ತದೆ.

ದೊಡ್ಡ ತೊಡಕು ಕಿಟ್ಟದ್ದು. ಸುಟ್ಟ ಕರಿಮದ್ದಿನ ಕಿಟ್ಟ ಕೆಲವೇ ಗುಂಡುಗಳಲ್ಲಿ ನಳಿಗೆಯನ್ನು ಬಿಗಿಗೊಳಿಸುತ್ತದೆ. ಆಗ ಗುಂಡು ನಡುವೆಯೇ ನಿಂತರೂ ತಳ ಮುಟ್ಟಿತೆಂಬ ಭ್ರಮೆಯುಂಟಾಗುತ್ತದೆ. ಮದ್ದಿಗೂ ಗುಂಡಿಗೂ ನಡುವೆ ಜಾಗ ಉಳಿದರೆ ನಳಿಗೆ ಉಬ್ಬಬಹುದು, ಸಿಡಿಯಲೂಬಹುದು. ಆದ್ದರಿಂದಲೇ ಅನುಭವಿಗಳು ಸರಿಯಾಗಿ ತುಂಬಿದಾಗ ತಳ್ಳುಗೋಲು ನಿಲ್ಲುವ ಮಟ್ಟಕ್ಕೆ ಗುರುತು ಹಾಕಿಕೊಂಡಿರುತ್ತಾರೆ. ಪ್ರತಿ ಗುಂಡಿನ ನಂತರ ಒದ್ದೆ ಬಟ್ಟೆಯಿಂದ, ಬಳಿಕ ಒಣಬಟ್ಟೆಯಿಂದ ನಳಿಗೆಯನ್ನು ಒರೆಸುತ್ತಾರೆ. ಕರಿಮದ್ದಿಗೆಂದೇ ತಯಾರಾದ ಕೋವಿಗೆ ಧೂಮರಹಿತ ಮದ್ದನ್ನು ಎಂದೂ ತುಂಬಬಾರದು.