ವಾಮನವೃಕ್ಷಗಳ ಪೂರ್ವೋತ್ತರ

ತಟ್ಟೆಯಂತೆ ಆಳವಿಲ್ಲದ ಕುಂಡದಲ್ಲಿ ಮೊಳದೆತ್ತರಕ್ಕೆ ನಿಂತು, ಬುಡ ದಪ್ಪವಾಗಿ, ತೊಗಟೆ ಬಿರಿದು, ಕೊಂಬೆಗಳನ್ನು ಛತ್ರಿಯಂತೆ ಹರಡಿಕೊಂಡಿರುವ ಮುದಿಮರವೊಂದನ್ನು ಮೊದಲ ಸಲ ಕಂಡವರಿಗೆ ಎರಡು ಸಂದೇಹಗಳು ಹುಟ್ಟುವುದು ಸಹಜ. ಇದು ಹೇಗೆ ಸಾಧ್ಯವೆಂಬುದೊಂದು. ಇದು ನ್ಯಾಯವೇ ಎಂಬುದು ಮತ್ತೊಂದು. ಬೋನ್ಸಾಯ್ ಎಂದು ಲೋಕಪ್ರಸಿದ್ಧವಾಗಿರುವ ಈ ವಿದ್ಯೆಯನ್ನು ನಮ್ಮಲ್ಲಿ ಕೆಲವರು ವಾಮನವೃಕ್ಷಕಲೆಯೆಂದು ಕರೆಯುತ್ತಾರೆ. ಈಚಿನ ವರ್ಷಗಳಲ್ಲಿ ನಮ್ಮ ಊರುಗಳ ಮಾಳಿಗೆಗಳ ಮೇಲೆಯೂ ಇಂತಹ ಕುಂಡಗಳು ಕಾಣಿಸಿಕೊಳ್ಳುತ್ತಿವೆ. ಉತ್ಸಾಹದಿಂದ ಕೊಂಡುತಂದವರ ಮನೆಯಲ್ಲಿ ವರ್ಷ ತುಂಬುವುದರೊಳಗೆ ಬರಿಯ ಕುಂಡ ಉಳಿಯುವುದೂ ಅಪರೂಪವಲ್ಲ. ಇದಕ್ಕೆ ಕಾರಣವು ಬಹುಮಟ್ಟಿಗೆ ಒಂದೇ. ಮರವನ್ನು ಅಲಂಕಾರದ ವಸ್ತುವೆಂದು ಭಾವಿಸಿ ಅದರ ಹಿಂದಿರುವ ಪರಂಪರೆಯನ್ನು ಅರಿಯದಿರುವುದೇ ಆ ಕಾರಣ. ಆದಕಾರಣ ಈ ಹವ್ಯಾಸಕ್ಕೆ ಕೈಹಾಕಬೇಕೆಂದಿರುವ ವಾಚಕರಿಗಾಗಿ ಅದರ ಚರಿತ್ರೆಯನ್ನು ಸಂಗ್ರಹವಾಗಿ ನಿರೂಪಿಸಿ, ಆ ಚರಿತ್ರೆಯಿಂದಲೇ ಹೊರಡುವ ಕೆಲವು ಮೊದಲ ಪಾಠಗಳನ್ನು ಕೊನೆಯಲ್ಲಿ ಹೇಳುವುದು ಈ ಲೇಖನದ ಉದ್ದೇಶವಾಗಿದೆ.

ಮೊದಲು ಹೆಸರಿನ ವಿಚಾರ. ‘ಬೋನ್’ ಎಂದರೆ ತಟ್ಟೆ ಅಥವಾ ಆಳವಿಲ್ಲದ ಪಾತ್ರೆ. ‘ಸಾಯ್’ ಎಂದರೆ ನೆಡುವಿಕೆ. ಶಬ್ದವು ಜಪಾನಿನದಾದರೂ ಅದನ್ನು ಬರೆಯುವ ಅಕ್ಷರಗಳು ಚೀನಾದೇಶದವು. ವಿದ್ಯೆಯ ಮೂಲವೂ ಅಲ್ಲಿಯದೇ. ಚೀನಾದಲ್ಲಿ ಕಲ್ಲು, ಮಣ್ಣು, ಗಿಡಗಳನ್ನು ತಟ್ಟೆಯಲ್ಲಿ ಜೋಡಿಸಿ ಬೆಟ್ಟಗಾಡಿನ ನೋಟವನ್ನೇ ರಚಿಸುವ ಪದ್ಧತಿಯು ಬಹು ಹಿಂದಿನಿಂದ ಇದ್ದಿತು. ಇದನ್ನು ಅವರು ಪೆನ್‌ಜಿಂಗ್ ಎನ್ನುತ್ತಾರೆ. ತಾಂಗ್ ವಂಶದ ರಾಜಕುಮಾರ ಝಾಂಗ್‌ಹ್ವಾಯನ ಸಮಾಧಿಯನ್ನು ಕ್ರಿ. ಶ. 706ರಲ್ಲಿ ಕಟ್ಟಿದರು. ಆ ಸಮಾಧಿಯ ಗೋಡೆಯ ಮೇಲಿನ ಚಿತ್ರಗಳಲ್ಲಿ ಪರಿಚಾರಿಕೆಯೊಬ್ಬಳು ಪುಟ್ಟ ಗಿಡಗಳೂ ಕಲ್ಲುಗಳೂ ಇರುವ ತಟ್ಟೆಯನ್ನು ಎರಡು ಕೈಗಳಲ್ಲಿಯೂ ಹಿಡಿದು ನಡೆಯುತ್ತಿದ್ದಾಳೆ. ಈ ಕಲೆಯ ಪ್ರಾಚೀನತೆಗೆ ಇಂದಿಗೂ ವಿದ್ವಾಂಸರು ಮುಂದಿಡುವ ಸಾಕ್ಷ್ಯಗಳಲ್ಲಿ ಇದು ಮುಖ್ಯವಾದುದು. ಸಾವಿರದ ಮುನ್ನೂರು ವರ್ಷಗಳ ಹಿಂದಿನ ಈ ಚಿತ್ರದಲ್ಲಿಯೂ ಮರವು ಒಬ್ಬರ ಕೈಯಿಂದ ಮತ್ತೊಬ್ಬರ ಬಳಿಗೆ ಸಾಗುತ್ತಿರುವುದನ್ನು ವಾಚಕರು ಗಮನಿಸಬೇಕು. ಮುಂದಿನ ಚರಿತ್ರೆಯೆಲ್ಲವೂ ಈ ಹಸ್ತಾಂತರದ ವಿಸ್ತಾರವೇ ಆಗಿದೆ.

ಬೌದ್ಧಧರ್ಮವು ಚೀನಾದಿಂದ ಜಪಾನಿಗೆ ಹೋದಾಗ, ಗ್ರಂಥಗಳ ಹಿಂದೆಯೇ ಅನೇಕ ಕಲೆಗಳೂ ಕಡಲು ದಾಟಿದವು. ಅವುಗಳಲ್ಲಿ ಇದೂ ಒಂದು. 1309ರ ಸುಮಾರಿನಲ್ಲಿ ರಚಿತವಾದ ಕಾಸುಗ ದೇವಾಲಯದ ಮಹಿಮೆಗಳ ಚಿತ್ರಸುರುಳಿಯಲ್ಲಿ ತಟ್ಟೆಗಳಲ್ಲಿ ಬೆಳೆಸಿದ ಗಿಡಗಳು ಕಾಣಬರುತ್ತವೆ. ಅದೇ ಕಾಲದವನಾದ ಕೋಕನ್ ಶಿರೆನ್ (1278–1346) ಎಂಬ ಝೆನ್ ಸನ್ಯಾಸಿಯು ತಟ್ಟೆಯೊಳಗಿನ ಬೆಟ್ಟಗಾಡನ್ನು ಕುರಿತು ಪ್ರಾಸಬದ್ಧವಾದ ಪ್ರಬಂಧವನ್ನು ಬರೆದಿದ್ದಾನೆ. ಅಷ್ಟು ಹೊತ್ತಿಗೆ ಈ ಕಲೆಯು ಸನ್ಯಾಸಿಗಳ ಚಿಂತನಕ್ಕೂ ವಸ್ತುವಾಗಿದ್ದಿತೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಚೀನೀಯರು ಕಲ್ಲು, ನೀರು, ಗುಡಿಗೋಪುರಗಳ ಪ್ರತಿಕೃತಿಗಳನ್ನೂ ಗಿಡದೊಡನೆ ಇಡುವರು. ಜಪಾನೀಯರು ಕ್ರಮೇಣ ಮಿಕ್ಕುದನ್ನೆಲ್ಲ ತೊರೆದು ಒಂದೇ ಮರವನ್ನು ಉಳಿಸಿಕೊಂಡರು. ಒಂದು ಮರದಿಂದಲೇ ಇಡಿಯ ಕಾಡನ್ನೂ, ಬೀಸುವ ಗಾಳಿಯನ್ನೂ, ಕಳೆದುಹೋದ ಕಾಲವನ್ನೂ ಸೂಚಿಸಬೇಕೆಂಬುದು ಅವರ ಆಶಯ. ನಮ್ಮ ಆಲಂಕಾರಿಕರು ಧ್ವನಿಯೆನ್ನುವುದು ಇಂತಹುದನ್ನೇ.

ಜಪಾನಿನ ‘ನೋ’ ಎಂಬ ನಾಟಕಸಂಪ್ರದಾಯದಲ್ಲಿ ‘ಹಾಚಿ ನೋ ಕಿ’, ಎಂದರೆ ‘ಕುಂಡದ ಮರಗಳು’, ಎಂಬ ಪ್ರಸಿದ್ಧ ಕೃತಿಯೊಂದಿದೆ. ಅದರ ಕಥೆಯನ್ನು ಇಲ್ಲಿ ಹೇಳಲೇಬೇಕು. ಸಾನೋ ಎಂಬ ಸ್ಥಳದಲ್ಲಿ ತ್ಸುನೆಯೋ ಎಂಬ ಯೋಧನಿದ್ದನು. ಬಂಧುಗಳು ಅವನ ಭೂಮಿಯನ್ನು ಅಪಹರಿಸಿದ್ದುದರಿಂದ ಅವನು ಕಡುಬಡತನದಲ್ಲಿ ಕಾಲ ಕಳೆಯುತ್ತಿದ್ದನು. ಹಿಂದಿನ ಸಿರಿಯಲ್ಲಿ ಅವನಿಗೆ ಉಳಿದಿದ್ದುದು ಕುಂಡದಲ್ಲಿ ಬೆಳೆಸಿದ ಮೂರು ಮರಗಳು: ಪ್ಲಮ್, ಚೆರ್ರಿ, ಪೈನ್. ಹಿಮ ಸುರಿಯುತ್ತಿದ್ದ ಒಂದು ರಾತ್ರಿ ಸನ್ಯಾಸಿಯೊಬ್ಬನು ಅವನ ಗುಡಿಸಲಿಗೆ ಬಂದನು. ಉಣಬಡಿಸಲು ನವಣೆಯಂತಹ ಹೀನಧಾನ್ಯವನ್ನು ಬಿಟ್ಟು ಬೇರೆಯಿಲ್ಲ, ಒಲೆಗೆ ಸೌದೆಯಿಲ್ಲ. ಗೃಹಸ್ಥನು ತನ್ನ ಮೂರು ಮರಗಳನ್ನೂ ಕಡಿದು ಅತಿಥಿಗೆ ಬೆಂಕಿ ಕಾಯಿಸಿದನು. ಆ ಸನ್ಯಾಸಿಯು ವೇಷ ಮರೆಸಿಕೊಂಡು ಸಂಚರಿಸುತ್ತಿದ್ದ ಹೋಜೋ ತೊಕಿಯೋರಿ. ಹಿಂದೆ ರಾಜ್ಯಸೂತ್ರವನ್ನು ಹಿಡಿದಿದ್ದವನು. ಮುಂದೆ ಸೈನ್ಯಕ್ಕೆ ಕರೆ ಬಂದಾಗ ಹರಕು ಕವಚವನ್ನು ತೊಟ್ಟು, ಬಡಕಲು ಕುದುರೆಯನ್ನೇರಿ ಬಂದ ತ್ಸುನೆಯೋವನ್ನು ಅವನು ಗುರುತಿಸಿ, ಕಳೆದ ಭೂಮಿಯನ್ನು ಹಿಂದಿರುಗಿಸಿದುದಲ್ಲದೆ, ಆ ಮೂರು ಮರಗಳ ಹೆಸರುಳ್ಳ ಮೂರು ಗ್ರಾಮಗಳನ್ನೂ ಉಂಬಳಿಯಾಗಿ ಕೊಟ್ಟನೆಂದು ಕಥೆ. ಇದು ಐತಿಹ್ಯವೇ ಹೊರತು ದಾಖಲೆಯಲ್ಲ. ಆದರೂ ಮರವನ್ನು ಪ್ರಾಣಸಮಾನವಾಗಿ ಸಾಕಿದವನೇ ಅದನ್ನು ಕೊಡಬಲ್ಲವನೂ ಆಗಿರಬೇಕೆಂಬ ಭಾವನೆಯು ಆ ಜನರಲ್ಲಿ ಎಷ್ಟು ಆಳವಾಗಿ ಬೇರೂರಿದ್ದಿತೆಂಬುದಕ್ಕೆ ಇದು ನಿದರ್ಶನ. ಅತಿಥಿಯನ್ನು ದೇವರೆಂದು ತಿಳಿದ ನಮಗೆ ಇದರ ಅರ್ಥವನ್ನು ವಿವರಿಸಬೇಕಾಗಿಲ್ಲ.

ಹದಿನೇಳನೆಯ ಶತಮಾನದಿಂದ ಟೊಕುಗಾವ ಪ್ರಭುಗಳ ಆಶ್ರಯದಲ್ಲಿ ಈ ವಿದ್ಯೆಯು ಬೆಳೆಯಿತು. ಆ ವಂಶದ ಮೂರನೆಯ ಪ್ರಭುವಾದ ಇಯೆಮಿತ್ಸುವು ಪ್ರೀತಿಸುತ್ತಿದ್ದ ಪೈನ್ ಮರವು ಟೋಕಿಯೋ ಅರಮನೆಯ ಸಂಗ್ರಹದಲ್ಲಿ ಇಂದಿಗೂ ಜೀವಂತವಾಗಿದೆ. ಆ ಪ್ರಭುವು ಕಾಲವಾದುದು 1651ರಲ್ಲಿ. ಅಲ್ಲಿಂದೀಚೆಗೆ ಆಳಿಕೆಗಳು ಬದಲಾದವು, ರಾಜಧಾನಿಯ ಹೆಸರೇ ಬದಲಾಯಿತು. ಆದರೆ ಪ್ರತಿದಿನವೂ ಯಾರೋ ಒಬ್ಬರು ಆ ಮರಕ್ಕೆ ನೀರೆರೆದಿದ್ದಾರೆ. ನಡುವೆ ಕೆಲವೇ ದಿನ ಆ ಕೈ ತಪ್ಪಿದ್ದರೂ ಮರವು ಉಳಿಯುತ್ತಿರಲಿಲ್ಲ. ಅರಮನೆಯ ಚರಿತ್ರೆಯಲ್ಲಿ ಪ್ರಭುಗಳ ಹೆಸರುಗಳಿವೆ. ನೀರೆರೆದವರ ಹೆಸರುಗಳು ಬಹುಮಟ್ಟಿಗೆ ಇಲ್ಲ.

ಪಾಶ್ಚಾತ್ಯರು ಈ ಮರಗಳನ್ನು ಹೆಚ್ಚಾಗಿ ಕಂಡುದು ಪ್ಯಾರಿಸ್ಸಿನ 1878ರ ಮಹಾಪ್ರದರ್ಶನದಲ್ಲಿ ಮತ್ತು ಲಂಡನ್ನಿನ 1910ರ ಪ್ರದರ್ಶನದಲ್ಲಿ. ಕಂಡವರು ಬೆರಗಾದರು, ಕೊಂಡರು. ಆದರೆ ಆರೈಕೆಯ ಕ್ರಮವನ್ನು ಯಾರೂ ಹೇಳಿಕೊಡದಿದ್ದುದರಿಂದ ಕೊಂಡ ಮರಗಳಲ್ಲಿ ಅನೇಕವು ಒಣಗಿದವು. ಮರವು ಮಾತ್ರ ಹಡಗನ್ನೇರಿತ್ತು. ವಿದ್ಯೆಯು ದಡದಲ್ಲಿಯೇ ಉಳಿದಿತ್ತು. ಈ ಕೊರತೆಯು ನೀಗತೊಡಗಿದುದು ಎರಡನೆಯ ಮಹಾಯುದ್ಧದ ತರುವಾಯ. ಯೂಜಿ ಯೋಶಿಮುರಾ ಎಂಬವರು 1952ರಿಂದ ಟೋಕಿಯೋದಲ್ಲಿ ವಿದೇಶೀಯರಿಗೆ ಕ್ರಮವಾಗಿ ಪಾಠ ಹೇಳತೊಡಗಿ, 1957ರಲ್ಲಿ ಇಂಗ್ಲಿಷ್ ಭಾಷೆಯಲ್ಲಿ ಒಂದು ಗ್ರಂಥವನ್ನೂ ಪ್ರಕಟಿಸಿದರು.

ಇದಕ್ಕೂ ಹಿಂದೆ ನಡೆದ ಮತ್ತೊಂದು ಸಂಗತಿಯಿದೆ. 1923ರ ಸೆಪ್ಟೆಂಬರ್ 1ರಂದು ಸಂಭವಿಸಿದ ಭೂಕಂಪದಿಂದ ಟೋಕಿಯೋ ನಗರವು ಹಾಳಾಯಿತು. ಅಲ್ಲಿದ್ದ ವೃಕ್ಷಕುಶಲರಲ್ಲಿ ಕೆಲವರು ಒಳ್ಳೆಯ ಮಣ್ಣನ್ನೂ ಶುದ್ಧವಾದ ನೀರನ್ನೂ ಅರಸುತ್ತ ಉತ್ತರದಲ್ಲಿರುವ ಓಮಿಯಾಕ್ಕೆ ಹೋಗಿ, 1925ರಲ್ಲಿ ಬೋನ್ಸಾಯ್ ಗ್ರಾಮವನ್ನು ಸ್ಥಾಪಿಸಿದರು. ಅಲ್ಲಿ ನೆಲಸುವವರಿಗೆ ಅವರು ಮಾಡಿಕೊಂಡ ಕಟ್ಟಳೆಗಳು ಮನನೀಯವಾಗಿವೆ: ಪ್ರತಿಯೊಬ್ಬನೂ ಹತ್ತು ಕುಂಡಗಳನ್ನಾದರೂ ಬೆಳೆಸಬೇಕು, ಬಂದವರಿಗೆಲ್ಲ ಬಾಗಿಲು ತೆರೆದಿರಬೇಕು, ಎರಡಂತಸ್ತಿನ ಮನೆಯನ್ನು ಕಟ್ಟಬಾರದು, ಗೋಡೆಗೆ ಬದಲಾಗಿ ಹಸಿರು ಬೇಲಿಯಿರಬೇಕು. ಸರ್ವಸ್ವವನ್ನೂ ಕಳೆದುಕೊಂಡವರು ಹೊಸ ಊರನ್ನು ಕಟ್ಟುವಾಗ ನೆರೆಯವನ ಗಿಡಕ್ಕೆ ಬಿಸಿಲು ತಪ್ಪಬಾರದೆಂದು ಯೋಚಿಸಿದರಲ್ಲವೆ! ಆ ಗ್ರಾಮವು ಇಂದಿಗೂ ಇದೆ. 1989ರಲ್ಲಿ ಲೋಕದ ಮೊದಲ ಬೋನ್ಸಾಯ್ ಮಹಾಸಮ್ಮೇಳನವು ನಡೆದುದು ಅಲ್ಲಿಯೇ.

ಇನ್ನು ಈ ಚರಿತ್ರೆಯ ಶಿಖರಪ್ರಾಯವಾದ ಘಟನೆ. ಹಿರೋಶಿಮಾ ನಗರದಲ್ಲಿ ಯಾಮಾಕಿ ಎಂಬ ಮನೆತನದವರು ಒಂದು ಬಿಳಿಯ ಪೈನ್ ಮರವನ್ನು ತಲೆತಲಾಂತರದಿಂದ ಸಾಕುತ್ತ ಬಂದಿದ್ದರು. ಅದನ್ನು ಕುಂಡದಲ್ಲಿ ತಿದ್ದಲು ತೊಡಗಿದುದು 1625ರಲ್ಲಿ. 1945ರ ಆಗಸ್ಟ್ 6ರ ಬೆಳಗ್ಗೆ ಎಂಟೂಕಾಲು ಗಂಟೆಗೆ ಅಮೆರಿಕದವರು ಆ ನಗರದ ಮೇಲೆ ಪರಮಾಣುಬಾಂಬನ್ನು ಹಾಕಿದರು. ಯಾಮಾಕಿಯವರ ಮನೆಯು ಅಲ್ಲಿಂದ ಸುಮಾರು ಎರಡು ಮೈಲಿಯ ದೂರದಲ್ಲಿದ್ದಿತು. ಕಿಟಕಿಯ ಗಾಜುಗಳು ಪುಡಿಪುಡಿಯಾದವು; ಎತ್ತರವಾದ ಗೋಡೆಯ ಮರೆಯಲ್ಲಿದ್ದುದರಿಂದ ಮರವು ಬದುಕಿತು, ಮನೆಯವರೂ ಬದುಕಿದರು. ಮೂವತ್ತೊಂದು ವರ್ಷಗಳ ತರುವಾಯ, 1976ರಲ್ಲಿ, ಅಮೆರಿಕವು ತನ್ನ ಸ್ವಾತಂತ್ರ್ಯದ ಇನ್ನೂರನೆಯ ವರ್ಷವನ್ನು ಆಚರಿಸಿದಾಗ, ಜಪಾನಿನ ಬೋನ್ಸಾಯ್ ಸಂಘದವರು 53 ಮರಗಳನ್ನು ಆ ದೇಶಕ್ಕೆ ಕಾಣಿಕೆಯಾಗಿ ಕಳುಹಿಸಿದರು. ಮಸಾರು ಯಾಮಾಕಿಯವರು ತಮ್ಮ ಮನೆತನದ ಮರವನ್ನು ಅವುಗಳೊಡನೆ ಸೇರಿಸಿದರು. ಅದು ಯಾವ ಬೆಂಕಿಯನ್ನು ದಾಟಿ ಬಂದುದೆಂಬ ವಿಚಾರವು ಕಾಣಿಕೆಯ ಸಂಗಡ ಹೋಗಲಿಲ್ಲ. ಇಪ್ಪತ್ತೈದು ವರ್ಷಗಳ ಪರ್ಯಂತ ವಾಷಿಂಗ್ಟನ್ ನಗರದ ರಾಷ್ಟ್ರೀಯ ವೃಕ್ಷೋದ್ಯಾನದವರು ಅದನ್ನು ಮಿಕ್ಕವುಗಳಂತೆಯೇ ಒಂದು ಮರವೆಂದು ಸಾಕಿದರು. 2001ರಲ್ಲಿ ಯಾಮಾಕಿಯವರ ಇಬ್ಬರು ಮೊಮ್ಮಕ್ಕಳು ಅಜ್ಜನ ಮರವನ್ನು ನೋಡಲೆಂದು ಅಲ್ಲಿಗೆ ಹೋದಾಗ ನಿಜವು ಬಯಲಾಯಿತು. ತನ್ನ ಊರನ್ನು ಸುಟ್ಟವರಿಗೆ ತನ್ನ ಮನೆಯ ಮರವನ್ನು ಕೊಟ್ಟು, ಕೊಟ್ಟುದರ ಬೆಲೆಯನ್ನು ಹೇಳದೆ ಸುಮ್ಮನಿರುವುದು ಸಾಮಾನ್ಯವಾದ ದಾನವಲ್ಲ. ಸಾನೋದ ಯೋಧನ ಕಥೆಯನ್ನು ಕಲ್ಪನೆಯೆಂದು ತಳ್ಳಿದವರೂ ಇದನ್ನು ತಳ್ಳಲಾರರು.

ಈಗ, ಆರಂಭದಲ್ಲಿ ಎತ್ತಿದ ಸಂದೇಹಗಳಿಗೆ ಬರೋಣ. ಗಿಡವನ್ನು ಉಪವಾಸ ಕೆಡವಿ ಕುಗ್ಗಿಸುತ್ತಾರೆಂಬುದು ಜನರ ಊಹೆ, ಅದು ಸರಿಯಲ್ಲ. ಬೋನ್ಸಾಯ್ ಎಂಬುದು ಕುಳ್ಳಜಾತಿಯ ಗಿಡವೂ ಅಲ್ಲ. ಅದರ ಬೀಜವನ್ನು ನೆಲದಲ್ಲಿ ಬಿತ್ತಿದರೆ ಎತ್ತರವಾದ ಮರವೇ ಆಗುತ್ತದೆ. ಚಿಗುರನ್ನೂ ಬೇರನ್ನೂ ಕಾಲಕಾಲಕ್ಕೆ ಕತ್ತರಿಸಿ ಸಮತೂಕದಲ್ಲಿಡುವುದರಿಂದ ಅದು ಚಿಕ್ಕದಾಗಿ ಉಳಿಯುತ್ತದೆ. ಹಳೆಯ ಬೇರನ್ನು ಕತ್ತರಿಸಿ ಹೊಸ ಮಣ್ಣನ್ನು ಕೊಟ್ಟಾಗ ಹೊಸ ಬೇರು ಹುಟ್ಟಿ ಮರಕ್ಕೆ ಯೌವನ ಬರುತ್ತದೆ. ಉಪವಾಸದಲ್ಲಿರುವ ಮರವು ನಾನೂರು ವರ್ಷ ಬದುಕುವುದೆಂತು? ತಾನು ನೀರು ಕುಡಿಯುವ ಮೊದಲು ಗಿಡಗಳಿಗೆ ನೀರೆರೆದ ಶಕುಂತಲೆಯನ್ನು ಕಾಳಿದಾಸನು ಚಿತ್ರಿಸಿದ್ದಾನೆ. ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ವೃಕ್ಷಾಯುರ್ವೇದಕ್ಕೆ ಒಂದು ಅಧ್ಯಾಯವನ್ನೇ ಮೀಸಲಿಟ್ಟಿದ್ದಾನೆ. ಇಂತಹ ಪರಂಪರೆಯವರಾದ ನಾವು ನ್ಯಾಯಾನ್ಯಾಯವನ್ನು ಅಳೆಯಬೇಕಾದ ಮಾನವು ಇಷ್ಟೆ: ಆ ಮರವು ಆರೋಗ್ಯವಾಗಿದೆಯೆ? ಆರೋಗ್ಯವಾಗಿದ್ದರೆ ಸಾಕಿದವನು ರಕ್ಷಕ. ಅಸಡ್ಡೆಯಿಂದ ಒಣಗಿಸಿದರೆ ಅಪರಾಧಿ.

ಆರಂಭಿಸುವವರಿಗೆ ಕೆಲವು ಮಾತುಗಳು. ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಯಂತೆ ಅನೇಕರು ಜಪಾನಿನ ಪೈನ್ ಮರವನ್ನೇ ಬಯಸುತ್ತಾರೆ. ಅದು ನಮ್ಮ ಬಯಲುಸೀಮೆಯ ಸೆಕೆಗೆ ಒಗ್ಗುವುದು ಕಷ್ಟ. ಆಲ, ಅರಳಿ, ಬಸರಿ, ಹುಣಸೆ, ದಾಳಿಂಬೆ ಇವು ನಮ್ಮ ಹವೆಗೆ ಹೊಂದಿದವು. ಹಳೆಯ ಗೋಡೆಯ ಬಿರುಕಿನಲ್ಲಿಯೂ ಬಾವಿಯ ಕಟ್ಟೆಯ ಸಂದಿನಲ್ಲಿಯೂ ತಾವಾಗಿಯೇ ಹುಟ್ಟಿ, ಹಿಡಿಯಷ್ಟು ಮಣ್ಣಿನಲ್ಲಿ ವರ್ಷಗಟ್ಟಲೆ ಕುಳ್ಳಾಗಿಯೇ ನಿಂತಿರುವ ಅರಳಿಯ ಸಸಿಗಳನ್ನು ಎಲ್ಲರೂ ಕಂಡಿದ್ದೇವೆ. ಪ್ರಕೃತಿಯೇ ರಚಿಸಿದ ಬೋನ್ಸಾಯ್ ಅದು. ಮಳೆಗಾಲದ ಮೊದಲಲ್ಲಿ ಅಂತಹುದನ್ನು ಬೇರು ಹರಿಯದಂತೆ ಬಿಡಿಸಿ ತಂದು, ಮೊದಲ ವರ್ಷ ಸಾಧಾರಣವಾದ ಮಣ್ಣಿನ ಕುಂಡದಲ್ಲಿಯೇ ಬೆಳೆಯಗೊಡಬೇಕು. ತಟ್ಟೆಗೆ ಅವಸರ ಪಡಬಾರದು.

ಕುಂಡದ ತಳದಲ್ಲಿ ತೂತುಗಳಿರಬೇಕು. ಮಣ್ಣು ಸೋರದಂತೆ ಅವುಗಳ ಮೇಲೆ ಬಲೆಯ ತುಂಡನ್ನಿಡಬೇಕು. ಇಟ್ಟಿಗೆಯ ಚೂರು, ದಪ್ಪ ಮರಳು, ಚೆನ್ನಾಗಿ ಕಳಿತ ಗೊಬ್ಬರ ಇವನ್ನು ಬೆರಸಿದರೆ ನೀರು ನಿಲ್ಲುವುದಿಲ್ಲ. ಕುಂಡವು ಬಿಸಿಲು ಗಾಳಿಗಳಿರುವ ಬಯಲಿನಲ್ಲಿರಬೇಕು. ಹಜಾರದ ಮೇಜು ಅದರ ಸ್ಥಾನವಲ್ಲ. ನೀರೆರೆಯುವುದಕ್ಕೆ ಗಡಿಯಾರವನ್ನು ನೋಡದೆ ಮಣ್ಣನ್ನು ಬೆರಳಿನಿಂದ ಮುಟ್ಟಿ ನೋಡಬೇಕು. ಮೇಲ್ಮಣ್ಣು ಒಣಗತೊಡಗಿದಾಗ, ತಳದ ತೂತಿನಿಂದ ಹರಿಯುವಷ್ಟು ಎರೆಯಬೇಕು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ ಎಂಬ ಗಾದೆಯನ್ನು ಉಪಾಧ್ಯಾಯರು ಮಕ್ಕಳಿಗೆ ಹೇಳುವುದುಂಟು. ಇಲ್ಲಿ ಅದು ಅಕ್ಷರಶಃ ಸತ್ಯ. ಎಳೆಯ ಕೊಂಬೆಗೆ ಮೆತುವಾದ ತಂತಿಯನ್ನು ಸುತ್ತಿ ಮೆಲ್ಲನೆ ಬಗ್ಗಿಸಿ, ತಂತಿಯು ತೊಗಟೆಯನ್ನು ಕಚ್ಚುವ ಮೊದಲೇ ತೆಗೆದುಬಿಡಬೇಕು. ಎರಡು ಮೂರು ವರ್ಷಕ್ಕೊಮ್ಮೆ ಬೇರಿನಲ್ಲಿ ಮೂರರಲ್ಲೊಂದು ಪಾಲಿನಷ್ಟನ್ನು ಕತ್ತರಿಸಿ ಮಣ್ಣನ್ನು ಬದಲಿಸಬೇಕು. ಬೇರು, ಕೊಂಬೆ, ತಂತಿ ಮೂರರ ಕೆಲಸವನ್ನೂ ಒಂದೇ ದಿನ ಮಾಡಬಾರದು. ಒಂದರ ಆಯಾಸವು ತೀರಿದ ಮೇಲೆ ಮತ್ತೊಂದು. ಪಳಗಿದ ಮರಗಳನ್ನು ಕಣ್ಣಾರೆ ನೋಡಬಯಸುವವರಿಗೆ ಬೆಂಗಳೂರಿನ ಲಾಲ್‌ಬಾಗಿನಲ್ಲಿಯೂ, ಮೈಸೂರಿನ ಅವಧೂತ ದತ್ತಪೀಠದ ಕಿಷ್ಕಿಂಧಾ ಮೂಲಿಕಾ ಉದ್ಯಾನದಲ್ಲಿಯೂ ಅನುಕೂಲವಿದೆ.

ಅರುವತ್ತು ದಾಟಿದವರು ಈ ವಿದ್ಯೆಗೆ ಕೈಹಾಕುವುದು ವ್ಯರ್ಥವೆಂದು ಕೆಲವರು ಆಕ್ಷೇಪಿಸಬಹುದು. ಮರವು ರೂಪುಗೊಳ್ಳುವುದಕ್ಕೆ ಇಪ್ಪತ್ತು ಮೂವತ್ತು ವರ್ಷ ಬೇಕೆಂಬುದು ದಿಟ. ಆದರೆ 1625ರಲ್ಲಿ ಆ ಪೈನ್ ಸಸಿಗೆ ಮೊದಲು ಕತ್ತರಿಯನ್ನಿಟ್ಟವನು ಅದರ ಇಂದಿನ ರೂಪವನ್ನು ಕಂಡನೆ? ಅಮೆರಿಕದಲ್ಲಿ ಹುಟ್ಟಿದ ಜಪಾನೀ ಸಂತತಿಯ ಜಾನ್ ನಾಕಾ ಅವರು ಹನ್ನೊಂದು ಜೂನಿಪರ್ ಮರಗಳ ಒಂದು ಪುಟ್ಟ ಕಾಡನ್ನು ರಚಿಸಿ, ಒಂದೊಂದು ಮರಕ್ಕೆ ಒಬ್ಬೊಬ್ಬ ಮೊಮ್ಮಗುವನ್ನು ನೆನೆದು, 1984ರಲ್ಲಿ ಅದನ್ನು ವಾಷಿಂಗ್ಟನ್ನಿಗೇ ಕೊಟ್ಟುಬಿಟ್ಟರು. ಅವರು 2004ರಲ್ಲಿ ತೀರಿಕೊಂಡರು. ಕಾಡು ಬೆಳೆಯುತ್ತಲೇ ಇದೆ. ಈ ವಿದ್ಯೆಯಲ್ಲಿ ಮುಗಿಸಿದವನೆಂಬವನು ಯಾವನೂ ಇಲ್ಲ. ಪಡೆದವರೂ ಕೊಟ್ಟವರೂ ಮಾತ್ರ ಇದ್ದಾರೆ. ಆದಕಾರಣ ಒಂದು ಕುಂಡವನ್ನು ತರುವ ದಿನವೇ ಮನೆಯ ಮಗುವೊಂದನ್ನು ಬಳಿಗೆ ಕರೆದು, ಮಣ್ಣು ಒಣಗಿರುವುದನ್ನು ಬೆರಳಿನಿಂದ ತಿಳಿಯುವ ಬಗೆಯನ್ನು ಕಲಿಸಿಕೊಡುವುದು ಮೇಲು. ಆ ಪಾಠವು ನಿಂತರೆ ಮರವೂ ನಿಲ್ಲುವುದು.