ಒಂದು ಪದದ ಲೋಪ

ಶಾಸ್ತ್ರವಾಕ್ಯದಲ್ಲಿ ಹೇಳಿದ ಪದದಂತೆಯೇ ಹೇಳದೆ ಬಿಟ್ಟ ಪದಕ್ಕೂ ಅರ್ಥವುಂಟೆಂಬುದನ್ನು ಪಾಠಶಾಲೆಯಲ್ಲಿ ಕಲಿತವರು ಬಲ್ಲರು. ಅಮೆರಿಕದ ಸಂಯುಕ್ತ ಸಂಸ್ಥಾನಗಳ ರಾಜ್ಯಾಂಗದ ಚರಿತ್ರೆಯಲ್ಲಿ ಇದಕ್ಕೊಂದು ನಿದರ್ಶನವಿದೆ.

1781ರಲ್ಲಿ ಜಾರಿಗೆ ಬಂದ ಮೊದಲ ಒಕ್ಕೂಟದ ನಿಬಂಧನೆಯು, ಕೇಂದ್ರಕ್ಕೆ ‘ಸ್ಪಷ್ಟವಾಗಿ’ ಕೊಡದ ಅಧಿಕಾರವೆಲ್ಲವೂ ಸಂಸ್ಥಾನಗಳದೆಂದು ವಿಧಿಸಿತ್ತು. ತೆರಿಗೆಯೆತ್ತುವ ಶಕ್ತಿಯೂ ಇಲ್ಲದೆ ಆ ಕೇಂದ್ರವು ಸೊರಗಿತು. 1787ರಲ್ಲಿ ಫಿಲಡೆಲ್ಫಿಯದಲ್ಲಿ ರಚಿತವಾದ ನೂತನ ರಾಜ್ಯಾಂಗವು ಕೇಂದ್ರ ಶಾಸನಸಭೆಯ ಅಧಿಕಾರಗಳನ್ನು ಎಣಿಸಿ, ಅವುಗಳ ನಿರ್ವಾಹಕ್ಕೆ ‘ಅವಶ್ಯವೂ ಯುಕ್ತವೂ’ ಆದ ಶಾಸನಗಳನ್ನು ಅದು ಮಾಡಬಹುದೆಂದಿತು. 1791ರ ಹತ್ತನೆಯ ತಿದ್ದುಪಡಿಯು ಉಳಿದ ಅಧಿಕಾರಗಳನ್ನು ಸಂಸ್ಥಾನಗಳಿಗೆ ಅಥವಾ ಪ್ರಜೆಗಳಿಗೆ ಮೀಸಲಿಟ್ಟಿತು. ಆದರೆ ‘ಸ್ಪಷ್ಟವಾಗಿ’ ಎಂಬ ಹಳೆಯ ಪದ ಅಲ್ಲಿರಲಿಲ್ಲ.

1818ರಲ್ಲಿ ಮೇರಿಲ್ಯಾಂಡ್ ಸಂಸ್ಥಾನವು ಕೇಂದ್ರವು ಸ್ಥಾಪಿಸಿದ ಬ್ಯಾಂಕಿನ ಮೇಲೆ ತೆರಿಗೆ ಹೇರಿ, ಬ್ಯಾಂಕನ್ನು ಸ್ಥಾಪಿಸುವ ಅಧಿಕಾರವೇ ಕೇಂದ್ರಕ್ಕಿಲ್ಲವೆಂದು ವಾದಿಸಿತು. 1819ರಲ್ಲಿ ಮುಖ್ಯ ನ್ಯಾಯಾಧೀಶರಾದ ಜಾನ್ ಮಾರ್ಷಲರು ಆ ಪದಲೋಪವನ್ನೇ ಎತ್ತಿ ತೋರಿಸಿ, ತೆರಿಗೆ, ಸಾಲ, ಸೈನ್ಯಗಳ ಅಧಿಕಾರವುಳ್ಳ ಕೇಂದ್ರಕ್ಕೆ ಅವುಗಳಿಗೆ ತಕ್ಕ ಸಾಧನವೂ ಉಂಟೆಂದು ತೀರ್ಪಿತ್ತರು. ಸಂಸ್ಥಾನದ ತೆರಿಗೆ ಅಸಿಂಧುವಾಯಿತು.

ಸಂಸ್ಥಾನಗಳ ಸ್ವಾತಂತ್ರ್ಯಕ್ಕೂ ಒಕ್ಕೂಟದ ಬಲಕ್ಕೂ ನಡುವಣ ಮೇರೆ ಇಂತಹ ವ್ಯಾಖ್ಯಾನದಲ್ಲಿ ನಿಂತಿದೆ. ಕರ್ತೃಗಳು ತೊರೆದ ಪದವನ್ನು ಮರಳಿ ಸೇರಿಸುವ ಅಧಿಕಾರ ವ್ಯಾಖ್ಯಾನಕಾರನಿಗಿಲ್ಲ. ‘ಯುಕ್ತ’ವೆಂದು ಅವರಿಟ್ಟ ಪದವನ್ನು ಮರೆಯುವ ಅಧಿಕಾರವೂ ಇಲ್ಲ.